ಎರಡೂವರೆ ಪೆನ್ನಿಯ ಮೆಣಸು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಹೊರಗೆ ಮಾಲು ಹೆಚ್ಚು ಕಳಿಸು, ಹೊರಗಿನ ಮಾಲು ಕಡಿಮೆ ತರಿಸು, ಮಿಕ್ಕ ಚಿನ್ನ ಬೆಳ್ಳಿಯನ್ನು ಖಜಾನೆಯಲ್ಲಿ ಕೂಡಿಡು. ಮುನ್ನೂರು ನಾನೂರು ವರ್ಷದ ಹಿಂದೆ ಯುರೋಪು ಹೀಗೆ ಮಾಡಿಯೇ ಮೇಲೆ ಬಂತು, ನಾವೂ ಅದೇ ದಾರಿ ಹಿಡಿಯಬೇಕು ಎಂಬುದು ಲೇಖಕರ ವಾದ. ಪಠ್ಯಪುಸ್ತಕಗಳಲ್ಲಿ ವಾಣಿಜ್ಯವಾದ ಅಂತ ಬರುವ ಮರ್ಕೆಂಟಿಲಿಸಂ ಅನ್ನು ಅವರು ಹೆಸರು ಹಿಡಿದೇ ಹೊಗಳಿದ್ದಾರೆ. ಫ್ರಾನ್ಸಿನ ಹಣಕಾಸು ಮಂತ್ರಿಯಾಗಿದ್ದ ಕಾಲ್ಬೇರ್ ಬಂದಿದ್ದಾನೆ, ಇಂಗ್ಲೆಂಡಿನ ಥಾಮಸ್ ಮನ್ ಬಂದಿದ್ದಾನೆ. ಕಾರವಾರ ಬಂದಿಲ್ಲ. ಹೊನ್ನಾವರ, ಭಟ್ಕಳ, ಗೇರುಸೊಪ್ಪೆ ಯಾವುದೂ ಬಂದಿಲ್ಲ. ಆ ನೀತಿಯ ದೊಡ್ಡದೊಂದು ಪಾಲು ನಡೆದದ್ದೇ ಇಂಥ ಬಂದರುಗಳಲ್ಲಿ. ಜಮೆಯ ಪುಟವನ್ನಷ್ಟೇ ತೋರಿಸಿ ಖರ್ಚಿನ ಪುಟವನ್ನು ಮಡಚಿಟ್ಟ ಲೆಕ್ಕದ ಹಾಗಾಯಿತು ಅದು. ಪತ್ರ ಉದ್ದವಾಗಿದೆ, ಆದರೂ ಕತ್ತರಿಸದೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಕಾರವಾರದ ಕೋಡಿಬಾಗದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಶಿರಸಿ ಹತ್ತಿರದ ಹಳ್ಳಿಯೊಂದರ ತೋಟದ ಮನೆ ಸೇರಿದೆ. 31 ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ಕಾರವಾರದಲ್ಲಿ. ಈಗ ನಿವೃತ್ತಿಯಾಗಿ ಎರಡು ಎಕರೆ ಅಡಿಕೆ ತೋಟ, ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ನೋಡಿಕೊಂಡಿದ್ದೇನೆ. ಹೆಚ್ಚಿನವು ಪಣಿಯೂರು ತಳಿ, ಹಳೆಯ ಮಲ್ಲಿಗೆಸರದ ಬಳ್ಳಿ ಒಂದಿಷ್ಟು ಉಳಿದಿವೆ. ಸೊರಗು ರೋಗ ಬಂದ ವರ್ಷ ಅರ್ಧಕ್ಕರ್ಧ ಹೋದವು, ಮತ್ತೆ ನೆಟ್ಟೆವು.

ನಮ್ಮ ಅತ್ತೆಗೆ ಮೆಣಸು ಎಂದರೆ ಬ್ಯಾಂಕು. ಅಡಿಕೆಯ ದುಡ್ಡು ಮನೆ ಖರ್ಚಿಗೆ, ಕೂಲಿಗೆ, ಕೊಳೆ ಔಷಧಿಗೆ ಹೋಗುತ್ತಿತ್ತು. ಮೆಣಸನ್ನು ಅಂಗಳದಲ್ಲಿ ಒಣಗಿಸಿ, ಕೇರಿ, ಚೀಲ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು. “ತಂಗೀ, ಈಗ್ಲೇ ಮಾರಡ, ಇಟ್ಗ” ಎನ್ನುತ್ತಿದ್ದರು. ಸರಿಯಾಗಿ ಒಣಗಿದ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ನಾದಿನಿಯ ಮದುವೆಯ ಬಂಗಾರ, ನಮ್ಮ ಮಗನ ಕಾಲೇಜು ಫೀಸು, ಮಾವನ ಆಪರೇಷನ್ ಎಲ್ಲವೂ ಅಟ್ಟದಿಂದ ಇಳಿದ ಚೀಲಗಳಿಂದಲೇ ನಡೆದವು. ಈ ಕಾಳಿನ ಬೆಲೆ ಯಾರು ಕಟ್ಟುತ್ತಾರೆ, ಎಲ್ಲಿ ಕೂತು ಕಟ್ಟುತ್ತಾರೆ ಎಂಬುದು ನನಗೆ ಪುಸ್ತಕದ ಪ್ರಶ್ನೆ ಅಲ್ಲ.

ಲೇಖಕರು ಹೊಗಳಿದ ಥಾಮಸ್ ಮನ್‌ನಿಂದಲೇ ಶುರುಮಾಡುತ್ತೇನೆ. ಮನ್ ಲಂಡನ್ನಿನ ವರ್ತಕ, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲಿ ಒಬ್ಬ. ಕಂಪನಿ ಹುಟ್ಟಿದ್ದು 1600ರ ಕೊನೆಯ ದಿನ. ನಮ್ಮ ಕಡೆಯವರು ಇಂಗ್ಲಿಷರ ಉಣ್ಣೆ ಬಟ್ಟೆ ಕೊಳ್ಳುವುದು ಅಷ್ಟಕ್ಕಷ್ಟೆ, ಈ ಸೆಕೆಯಲ್ಲಿ ಉಣ್ಣೆ ಯಾರಿಗೆ ಬೇಕು? ಹಾಗಾಗಿ ಹಡಗುಗಳಲ್ಲಿ ಬೆಳ್ಳಿಯನ್ನೇ ತರಬೇಕಿತ್ತು. ಒಂದು ಯಾನಕ್ಕೆ 30,000 ಪೌಂಡಿನಷ್ಟು ಹೊರಗೆ ಒಯ್ಯಬಹುದು ಎಂದು ರಾಣಿ ಎಲಿಜಬೆತ್ ಸನದಿನಲ್ಲೇ ಅಪ್ಪಣೆ ಕೊಟ್ಟಿದ್ದಳು. ದೇಶದ ಬೆಳ್ಳಿ ಹೊರಗೆ ಹೋದರೆ ದೇಶ ಬಡವಾಗುತ್ತದೆ ಎಂದು ನಂಬಿದ್ದ ಕಾಲ ಅದು, ಕಂಪನಿಯ ಮೇಲೆ ಕೂಗೆದ್ದಿತು. ಆ ಕೂಗಿಗೆ ಉತ್ತರವಾಗಿ ಮನ್ 1621ರಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಅದರಲ್ಲೊಂದು ಲೆಕ್ಕ ಇದೆ. ಯುರೋಪಿಗೆ ಬೇಕಾದ 60 ಲಕ್ಷ ಪೌಂಡ್ ತೂಕದ ಮೆಣಸನ್ನು ಹಳೆಯ ದಾರಿಯಲ್ಲಿ, ಅಂದರೆ ಸಿರಿಯಾದ ಅಲೆಪ್ಪೊ ಪೇಟೆಯಲ್ಲಿ ಕೊಂಡರೆ ಪೌಂಡಿಗೆ ಎರಡು ಶಿಲಿಂಗ್, ಎಂದರೆ 24 ಪೆನ್ನಿ. ಒಟ್ಟು 6 ಲಕ್ಷ ಪೌಂಡ್ ಹಣ. ಅದೇ ಮೆಣಸನ್ನು ಪೂರ್ವದ ದೇಶಗಳಲ್ಲೇ ಹೋಗಿ ಕೊಂಡರೆ ಪೌಂಡಿಗೆ ಎರಡೂವರೆ ಪೆನ್ನಿ. ಒಟ್ಟು 62,500. ನೋಡಿ, ದೇಶಕ್ಕೆ ಎಷ್ಟು ಉಳಿತಾಯ ಎಂದು ಅವನ ವಾದ. ಹಾಗೆ ಕೊಂಡದ್ದನ್ನು ಇಂಗ್ಲೆಂಡಿನಲ್ಲಿ 20 ಪೆನ್ನಿಗೆ ಮಾರುವ ಲೆಕ್ಕವನ್ನೂ ಕೊಟ್ಟಿದ್ದಾನೆ. ಎಂಟು ಪಟ್ಟು.

1996ರಲ್ಲಿ ಕಾರವಾರದ ತರಗತಿಯಲ್ಲಿ ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದಿದ್ದೆ. ಪಠ್ಯದಲ್ಲಿ ಇರಲಿಲ್ಲ, ಮಕ್ಕಳಿಗೆ ರುಚಿ ಹತ್ತಲಿ ಅಂತ ಬರೆದದ್ದು. ಕದ್ರಾ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಆ ಎರಡೂವರೆ ಪೆನ್ನಿಯಲ್ಲಿ ಬಳ್ಳಿ ಬೆಳೆಸಿದವರಿಗೆ ಎಷ್ಟು?” ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಇಂದಿಗೂ ಇಲ್ಲ. ಎರಡೂವರೆ ಪೆನ್ನಿ ಎಂಬುದು ಬಂದರಿನ ಬೆಲೆ. ಅದರೊಳಗೆ ದಲ್ಲಾಳಿಯ ಪಾಲು, ಎತ್ತಿನ ಹೇರಿನ ಬಾಡಿಗೆ, ದಾರಿಯ ಸುಂಕ, ಅರಸನ ಪಾಲು ಎಲ್ಲವೂ ಕಳೆಯಬೇಕು. ಮನ್‌ನ ಲೆಕ್ಕದಲ್ಲಿ ಹಡಗಿನ ಖರ್ಚಿದೆ, ರಾಜನಿಗೆ ಬರುವ ಸುಂಕವಿದೆ, ನಾವಿಕರಿದ್ದಾರೆ. ಏಣಿ ಹತ್ತಿ ಮೆಣಸು ಕೊಯ್ದವನು ಇಲ್ಲ.

ಆ ಹುಡುಗಿಯ ಪ್ರಶ್ನೆಯ ನಂತರ ಮನ್‌ನ ಇನ್ನೊಂದು ಪುಸ್ತಕವನ್ನು ಹುಡುಕಿ ಓದಿದೆ. ಅವನು ಸತ್ತು ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ, 1664ರಲ್ಲಿ ಅಚ್ಚಾದದ್ದು ಅದು. ಪರದೇಶದವರಿಂದ ನಾವು ವರ್ಷಕ್ಕೆ ಕೊಳ್ಳುವುದಕ್ಕಿಂತ ಅವರಿಗೆ ಮಾರುವುದು ಹೆಚ್ಚಿರಬೇಕು ಎಂಬ, ವಾಣಿಜ್ಯವಾದದ ಮೂಲ ಸೂತ್ರ ಅದರಲ್ಲಿದೆ. ಬೆಳ್ಳಿ ಹೊರಗೆ ಕಳಿಸುವುದನ್ನು ಸಮರ್ಥಿಸಲು ಅವನು ಕೊಡುವ ಹೋಲಿಕೆ ಯಾರದು ಗೊತ್ತೇ? ರೈತನದು. ಬಿತ್ತನೆಯ ಕಾಲದಲ್ಲಿ ಒಳ್ಳೆಯ ಕಾಳನ್ನು ಮಣ್ಣಿಗೆ ಎಸೆಯುವ ರೈತನನ್ನು ಕಂಡರೆ ಹುಚ್ಚ ಎನ್ನಿಸುತ್ತದೆ, ಕೊಯ್ಲಿನ ಹೊತ್ತಿಗೆ ನೋಡಿದರೆ ಅವನ ಕೆಲಸದ ಬೆಲೆ ತಿಳಿಯುತ್ತದೆ ಎಂದು ಬರೆಯುತ್ತಾನೆ. ಓದಿದಾಗ ನನಗೆ ನಿಜವಾಗಿ ನೋವಾಯಿತು. ರೈತ ಹೋಲಿಕೆಗೆ ಬಂದ, ಲೆಕ್ಕಕ್ಕೆ ಬರಲಿಲ್ಲ.

ಇನ್ನು ನಮ್ಮ ದಂಡೆಗೆ ಬರುತ್ತೇನೆ. ಇಂಗ್ಲಿಷರಿಗಿಂತ ನೂರು ವರ್ಷ ಮೊದಲೇ ಪೋರ್ಚುಗೀಸರು ಇದೇ ಕೆಲಸವನ್ನು ತೋಪಿನ ಜೋರಿನಲ್ಲಿ ಮಾಡಿದ್ದರು. ಮೆಣಸು ಅವರ ರಾಜನ ಸ್ವಂತ ವ್ಯಾಪಾರ, ಲಿಸ್ಬನ್ನಿನ ಅರಮನೆಯ ಕಚೇರಿಯಿಂದಲೇ ನಡೆಯುತ್ತಿತ್ತು. ವಾಸ್ಕೊ ಡ ಗಾಮ ಎರಡನೇ ಸಲ ಬಂದಾಗ, 1502ರಲ್ಲಿ, ಭಟ್ಕಳದ ಮೇಲೆ ಹಾಕಿದ ಷರತ್ತುಗಳಲ್ಲಿ ಇಲ್ಲಿ ಮೆಣಸಿನ ವ್ಯಾಪಾರ ನಡೆಯಕೂಡದು ಎಂಬುದೂ ಒಂದು. ಮೇಲಿಂದ ವರ್ಷ ವರ್ಷ ಅಕ್ಕಿಯ ಕಪ್ಪ. ಆಮೇಲೆ ಕಾರ್ತಾಜ್ ಎಂಬ ಪರವಾನಗಿ ಚೀಟಿ ಬಂತು. ತಲೆತಲಾಂತರದಿಂದ ಈ ಕಡಲಲ್ಲಿ ಓಡಾಡುತ್ತಿದ್ದ ನಮ್ಮ ಹಡಗಿನವರು ಪೋರ್ಚುಗೀಸರಿಂದ ದುಡ್ಡು ಕೊಟ್ಟು ಚೀಟಿ ಪಡೆಯಬೇಕು, ಅದರಲ್ಲಿ ಹೇಳಿದ ಬಂದರಿಗೇ ಹೋಗಬೇಕು, ಮೆಣಸು ಹೇರಬಾರದು. ಚೀಟಿ ಇಲ್ಲದ ಹಡಗು ಸಿಕ್ಕರೆ ಮಾಲು ಜಪ್ತಿ. ಕಡಲು ಯಾರ ಅಪ್ಪನ ಮನೆಯದೂ ಆಗಿರಲಿಲ್ಲ, ಅದಕ್ಕೂ ಬೇಲಿ ಹಾಕಿದರು.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು ಎಂಬುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಬಿರುದು ಕೊಟ್ಟವರೇ 1569ರಲ್ಲಿ ಹೊನ್ನಾವರದ ಕೋಟೆಯನ್ನು ಅವಳಿಂದ ಕಿತ್ತುಕೊಂಡರು. ಅದನ್ನು ಹೇಳಿಕೊಳ್ಳುವುದು ಕಡಿಮೆ. ಶರಾವತಿಯ ಬಾಯಿ ಅವರ ಕೈಗೆ ಹೋಯಿತು ಎಂದರೆ ಘಟ್ಟದಿಂದ ಗೇರುಸೊಪ್ಪೆಗೆ ಇಳಿದು ದೋಣಿ ಹತ್ತುವ ಮೆಣಸಿಗೆ ಕೊಳ್ಳುವವರು ಕಡಿಮೆಯಾದರು ಎಂದೇ ಅರ್ಥ. ನಾಲ್ವರು ಕೊಳ್ಳುವವರಿದ್ದರೆ ಬೆಲೆ ಏರುತ್ತದೆ, ಒಬ್ಬನೇ ಇದ್ದರೆ ಅವನು ಹೇಳಿದ್ದೇ ಬೆಲೆ. ಇದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ, ಒಂದು ಸಲ ಮಂಡಿಗೆ ಹೋಗಿ ಬಂದರೆ ಸಾಕು. ಮುಂದೆ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ಚುಗೀಸ್ ನಿಯೋಗದ ಜೊತೆ ಇದೇ ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅಷ್ಟರಲ್ಲಿ ರಾಣಿಯ ರಾಜ್ಯ ಮುಗಿದು ಕೆಳದಿಯ ವೆಂಕಟಪ್ಪ ನಾಯಕನ ಕಾಲ. ಆ ನಿಯೋಗದ ಮಾತುಕತೆಯಲ್ಲೂ ಮೆಣಸು ಇತ್ತು. ಪೋರ್ಚುಗೀಸರನ್ನು ಹೊನ್ನಾವರದಿಂದ ಕಡೆಗೆ ಓಡಿಸಿದ್ದು ಶಿವಪ್ಪ ನಾಯಕ, 1650ರ ದಶಕದಲ್ಲಿ.

ಹಾಗೆಂದು ಪೋರ್ಚುಗೀಸರು ಎಣಿಸಿದ್ದೆಲ್ಲ ಆಗಲಿಲ್ಲ. ಹದಿನಾರನೇ ಶತಮಾನದ ನಡುಭಾಗದಲ್ಲೇ ಮೆಣಸು ಮತ್ತೆ ಕೆಂಪು ಸಮುದ್ರದ ಹಳೆಯ ದಾರಿಯಲ್ಲಿ ಹೋಗಲು ಶುರುವಾಯಿತು. ಕಾರಣ ಸರಳ. ಮೆಣಸು ನಾಲ್ಕಾರು ದ್ವೀಪಗಳಲ್ಲಿ ಮಾತ್ರ ಬೆಳೆಯುವ ಬೆಳೆಯಲ್ಲ, ಸಹ್ಯಾದ್ರಿಯ ಉದ್ದಕ್ಕೂ ಹಬ್ಬಿದ ಬಳ್ಳಿ. ಎಷ್ಟು ಹೊಳೆ, ಎಷ್ಟು ಅಳಿವೆ, ಎಷ್ಟು ಕಣಿವೆಯ ದಾರಿಗೆ ಕಾವಲು ಹಾಕಲಾದೀತು?

ಹೀಗೆ ಹಬ್ಬದೆ ಬೆಳೆ ಒಂದೇ ಕಡೆ ಇದ್ದ ಊರಿಗೆ ಏನಾಯಿತು ಎಂಬುದನ್ನು ಲೇಖಕರು ಓದಬೇಕು. ಜಾಯಿಕಾಯಿ, ಜಾಪತ್ರೆ ಆಗ ಬೆಳೆಯುತ್ತಿದ್ದದ್ದು ಇಂಡೋನೇಷ್ಯಾದ ಬಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಮಾತ್ರ. ಅಲ್ಲಿನವರು ಡಚ್ ಕಂಪನಿಗೆ ಮಾತ್ರ ಮಾರಬೇಕು ಎಂದು ಕರಾರು. ಅವರು ಇತರರಿಗೂ ಮಾರಿದರು, ನಾವಾದರೂ ಹಾಗೇ ಮಾಡುತ್ತಿದ್ದೆವು. ಮನ್‌ನ ಪುಸ್ತಿಕೆ ಅಚ್ಚಾದ ಅದೇ 1621ರಲ್ಲಿ ಡಚ್ ಕಂಪನಿಯ ಗವರ್ನರ್ ಜನರಲ್ ಕೂನ್ ಸೈನ್ಯ ತಂದು ದ್ವೀಪಗಳನ್ನು ಹಿಡಿದ. ಸುಮಾರು 15,000 ಜನರಿದ್ದಲ್ಲಿ ಉಳಿದವರು ಸಾವಿರದಷ್ಟು ಎಂದು ಇತಿಹಾಸಕಾರರ ಅಂದಾಜು. ಮಿಕ್ಕವರು ಕೊಲೆಯಾದರು, ಹಸಿವಿನಿಂದ ಸತ್ತರು, ಗುಲಾಮರಾಗಿ ಸಾಗಿಸಲ್ಪಟ್ಟರು, ಓಡಿಹೋದರು. ತೋಟಗಳನ್ನು ಡಚ್ಚರಿಗೆ ಹಂಚಿ, ಗುಲಾಮರನ್ನು ತಂದು ದುಡಿಸಿದರು. ನಮ್ಮ ತೋಟದ ಬಾವಿಯ ಹತ್ತಿರ ಎರಡು ಜಾಯಿಕಾಯಿ ಮರಗಳಿವೆ. ಕಾಯಿ ಒಡೆದು ಕೆಂಪು ಪತ್ರೆ ಬಿಡಿಸುವಾಗಲೆಲ್ಲ ನನಗೆ ಆ ಜನರ ನೆನಪಾಗುತ್ತದೆ. ವಾಣಿಜ್ಯವಾದದ ಯಶಸ್ಸು ಎಂದು ಬರೆಯುವವರು ಇದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಇನ್ನು ಕಾರವಾರ. ಇಂಗ್ಲಿಷರ ವ್ಯಾಪಾರದ ಕೋಠಿ ಇಲ್ಲಿ ಶುರುವಾದದ್ದು 1638ರಲ್ಲಿ. ಶುರು ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ ಅಲ್ಲ, ಕೋರ್ಟೀನ್ ಕೂಟ ಎಂಬ ಇನ್ನೊಂದು ವರ್ತಕರ ಗುಂಪು. ಪೂರ್ವದ ವ್ಯಾಪಾರ ನಿಮ್ಮೊಬ್ಬರಿಗೇ ಎಂದು ಕಂಪನಿಗೆ ಸನದು ಕೊಟ್ಟಿದ್ದ ಅರಮನೆಯೇ, ಒಂದನೇ ಚಾರ್ಲ್ಸ್‌ನ ಕಾಲದಲ್ಲಿ, 1635ರಲ್ಲಿ, ಇವರಿಗೂ ಅಪ್ಪಣೆ ಕೊಟ್ಟಿತು. ರಾಷ್ಟ್ರದ ಹಿತ ಎಂಬ ಮಾತಿನ ಹಿಂದೆ ರಾಜನ ಖಾಲಿ ಬೊಕ್ಕಸ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಮತ್ತು ಅದು ನಮ್ಮ ಕಾಳಿ ನದಿಯ ದಂಡೆಯದು. ಹಳೆಯ ಕಾರವಾರ ಈಗಿನ ಪೇಟೆಯಲ್ಲಿ ಇರಲಿಲ್ಲ, ಮೂರು ಮೈಲಿ ಪೂರ್ವಕ್ಕೆ, ನದಿಯ ಮೇಲಿತ್ತು. ಇಲ್ಲಿಂದ ಮೆಣಸು, ಏಲಕ್ಕಿ, ಅದಕ್ಕಿಂತ ಮುಖ್ಯವಾಗಿ ಘಟ್ಟದ ಮೇಲಿನ ಬಟ್ಟೆ ಹೋಗುತ್ತಿತ್ತು. ಹುಬ್ಬಳ್ಳಿ ಮತ್ತು ಸುತ್ತಿನ ಊರುಗಳಲ್ಲಿ ಇದಕ್ಕಾಗಿ 50,000 ನೇಕಾರರು ದುಡಿಯುತ್ತಿದ್ದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಪಶ್ಚಿಮ ಭಾರತದ ಅತಿ ನವಿರಾದ ಮಸ್ಲಿನ್ ಕಾರವಾರದಿಂದ ಹೋಗುತ್ತಿತ್ತಂತೆ. ನಾನು ಕೋಡಿಬಾಗದಲ್ಲಿ ಬೆಳೆದೆ, ಕಾರವಾರದಲ್ಲಿ ಓದಿದೆ, ಕಾಲ್ಬೇರನ ಬಗ್ಗೆ ಐದು ಅಂಕದ ಉತ್ತರ ಬರೆದೆ. ಇದನ್ನು ಯಾರೂ ನನಗೆ ಹೇಳಲಿಲ್ಲ.

ಬಟ್ಟೆಯ ಮಾತು ಬಂದಾಗ ಒಂದು ಎಚ್ಚರ. 1700ರಲ್ಲಿ, ಮತ್ತೆ 1721ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಭಾರತದ ಹತ್ತಿಬಟ್ಟೆಯ ವಿರುದ್ಧ ಕಾಯಿದೆ ಮಾಡಿತು. 1719ರ ಬೇಸಿಗೆಯಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಯಲ್ಲಿ ಚೀಟಿಬಟ್ಟೆ, ಅಂದರೆ ಬಣ್ಣದ ಅಚ್ಚಿನ ಹತ್ತಿಬಟ್ಟೆ, ಉಟ್ಟ ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಬಟ್ಟೆ ಹರಿದರು. ಎರಡು ವರ್ಷದ ಮೇಲೆ ಅಂಥ ಬಟ್ಟೆ ಉಡುವುದೇ ಅಪರಾಧವಾಯಿತು, ಉಟ್ಟವರಿಗೆ 5 ಪೌಂಡ್, ಮಾರಿದವರಿಗೆ 20 ಪೌಂಡ್ ದಂಡ. ಆದರೆ ಆ ಕಾಯಿದೆ ಮಸ್ಲಿನ್‌ಗೂ ಪೂರ್ತಿ ನೀಲಿ ಬಣ್ಣ ಹಾಕಿದ ಬಟ್ಟೆಗೂ ವಿನಾಯಿತಿ ಕೊಟ್ಟಿತ್ತು. ಕಾರವಾರದಿಂದ ಹೋಗುತ್ತಿದ್ದದ್ದು ಮುಖ್ಯವಾಗಿ ಅವೇ. ಆದ್ದರಿಂದ ಆ ಕಾಯಿದೆಯಿಂದ ಹುಬ್ಬಳ್ಳಿಯ ಮಗ್ಗ ನಿಂತಿತು ಎಂದು ನಾನು ಬರೆಯುವುದಿಲ್ಲ. ನಮ್ಮ ನೋವನ್ನು ಹೇಳುವಾಗಲೂ ಲೆಕ್ಕ ತಪ್ಪಬಾರದು. ನಾನು ಹೇಳುವುದು ಇಷ್ಟೇ: ಅಲ್ಲಿನ ನೇಕಾರರಿಗೂ ಹೊಟ್ಟೆ ಇತ್ತು, ಅವರ ಕೂಗು ಪಾರ್ಲಿಮೆಂಟಿಗೆ ಕೇಳಿಸಿತು. ಇಲ್ಲಿನ ನೇಕಾರರ ಕೂಗು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಚಿನ್ನ ಬೆಳ್ಳಿ ಕೂಡಿಟ್ಟರೆ ದೇಶ ಶ್ರೀಮಂತ ಎಂಬ ಮಾತಿಗೆ ಸ್ಪೇನ್ ಒಂದೇ ಸಾಕು. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿಯ ಬೆಳ್ಳಿ ಬೆಟ್ಟ ಅವರಿಗೆ ಸಿಕ್ಕಿತು. 1557, 1575, 1596ರಲ್ಲಿ ಅದೇ ದೊರೆತನ ಸಾಲ ತೀರಿಸಲಾಗದೆ ಕೈ ಎತ್ತಿತು. ಬೆಳ್ಳಿ ಯುದ್ಧಕ್ಕೆ ಹೋಯಿತು, ಪೇಟೆಯಲ್ಲಿ ಬೆಲೆ ಏರಿತು.

ಇಷ್ಟು ಓದಿದವರು, ಹಾಗಾದರೆ ನೀವು ಆಮದು ಸುಂಕವೇ ಬೇಡ ಎನ್ನುತ್ತೀರಾ ಎಂದು ಕೇಳಬಹುದು. ಇಲ್ಲ. ಒಂದು ಕಾಲಕ್ಕೆ ಕಿಲೋಗೆ 700 ರೂಪಾಯಿಯ ಹತ್ತಿರ ಕಂಡ ನಮ್ಮ ಮೆಣಸು ಕೆಲವೇ ವರ್ಷಗಳಲ್ಲಿ 350ಕ್ಕೆ ಇಳಿದಾಗ, ಆಮದಿಗೆ ಕಡಿವಾಣ ಹಾಕಿ ಎಂಬ ಮನವಿಗೆ ನಾನೂ ಸಹಿ ಹಾಕಿದ್ದೇನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದು ಎಂದು ಮಾಡಿತು. ಅದು ಬೇಕಿತ್ತು ಎಂದೇ ಇಂದಿಗೂ ನಂಬಿದ್ದೇನೆ. ಆದರೆ ಆದೇಶದ ಮೇಲೂ ನಮ್ಮ ಬೆಲೆ ಕೂಡಲೇ ಏಳಲಿಲ್ಲ. ಕಾಗದದಲ್ಲಿ 500 ತೋರಿಸಿ ಅಗ್ಗದ ಮಾಲು ಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು, ಆ ಬಾಗಿಲಿನಿಂದ ವಿಯೆಟ್ನಾಂ ಮೆಣಸು ನುಗ್ಗುತ್ತದೆ ಎಂಬುದೂ ಹಳೆಯ ದೂರು. ಆದೇಶ ಬಂದ ಮೇಲೆ ನಮ್ಮ ಚೀಲವನ್ನು ತೂಗಿದ ವ್ಯಾಪಾರಿಯೊಬ್ಬರು ತೇವದ ಹೆಸರಿನಲ್ಲಿ ಕ್ವಿಂಟಾಲಿಗೆ ನಾಲ್ಕು ಕಿಲೋ ಕಡಿದರು. ಹದಿನೈದು ದಿನದ ಬಿಸಿಲು ಕಂಡ ಕಾಳು ಅದು, ಹಲ್ಲಿನಲ್ಲಿ ಕಡಿದರೆ ಟಕ್ಕೆನ್ನುತ್ತಿತ್ತು. ದೆಹಲಿಯಲ್ಲಿ ಹಾಕಿದ ಬೇಲಿ ನಮ್ಮ ಅಂಗಳದವರೆಗೆ ಬಂದು ಮುಟ್ಟಲು ನಡುವೆ ಎಷ್ಟು ಕೈ ದಾಟಬೇಕು ಎಂದು ಅಂದು ಗೊತ್ತಾಯಿತು.

ಹಾಗಾಗಿ ಲೇಖಕರಲ್ಲಿ ನನ್ನ ತಕರಾರು ಸುಂಕದ ಬಗ್ಗೆ ಅಲ್ಲ. ಬೆಳೆದವನ ಬದುಕು ಉಳಿಸಲು ಬಾಗಿಲಲ್ಲಿ ಕಾವಲು ಇಡುವುದು ಬೇರೆ. ವರ್ತಕರ ಕೂಟಕ್ಕೆ ಸನದು ಬರೆದುಕೊಟ್ಟು, ಬೇರೆಯವರ ಕಡಲಿಗೆ ಚೀಟಿ ಮಾರಿ, ಬಂದ ಬೆಳ್ಳಿಯನ್ನು ರಾಷ್ಟ್ರದ ಸಂಪತ್ತು ಎಂದು ಎಣಿಸುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಹೊಲಿದಿದ್ದಾರೆ. ರಫ್ತು ಇಷ್ಟು ಕೋಟಿ ಏರಿತು ಎಂಬ ಸುದ್ದಿ ಬಂದಾಗ ಆ ಕದ್ರಾ ದಾರಿಯ ಹುಡುಗಿಯ ಪ್ರಶ್ನೆಯನ್ನೇ ನಾವು ಕೇಳಬೇಕು. ವಿಯೆಟ್ನಾಮಿನಲ್ಲಿ ಬಳ್ಳಿ ಬೆಳೆಸುವವಳ ಬಗ್ಗೆಯೂ ಅದೇ ಪ್ರಶ್ನೆ ಇದೆ. ಅವಳು ನನ್ನ ವೈರಿಯಲ್ಲ, ಅವಳ ಬೆಲೆಯನ್ನೂ ಅವಳು ಕಟ್ಟುವುದಿಲ್ಲ.

ಕೊನೆಯದಾಗಿ ಮೂರು ಕೋರಿಕೆ ಇವೆ. ಆ ಲೇಖಕರು ಎರಡನೇ ಕಂತು ಬರೆಯುವುದಾದರೆ ದಯವಿಟ್ಟು ಈ ದಂಡೆಯಿಂದ ನಿಂತು ನೋಡಿ ಬರೆಯಲಿ. ನಮ್ಮ ಜಿಲ್ಲೆಯ ಇತಿಹಾಸ, ಅರ್ಥಶಾಸ್ತ್ರದ ಅಧ್ಯಾಪಕರು ವಾಣಿಜ್ಯವಾದದ ಪಾಠ ಬಂದ ದಿನ ಮಕ್ಕಳನ್ನು ಮಿರ್ಜಾನ್ ಕೋಟೆಗೋ, ಹೊನ್ನಾವರದ ಅಳಿವೆಗೋ, ಕಾಳಿ ದಂಡೆಗೋ ಕರೆದುಕೊಂಡು ಹೋಗಲಿ. ಬಸ್ಸಿನ ಖರ್ಚಿಗಿಂತ ಹೆಚ್ಚೇನೂ ಬೇಕಾಗಿಲ್ಲ. ಮತ್ತು ಹಳೆಯ ಕಾರವಾರವಿದ್ದ ಕಡವಾಡದ ಕಡೆ, ದಾರಿಯ ಮೇಲೆ ಕಾಣುವ ಹಾಗೆ, 1638ರಲ್ಲಿ ಇಲ್ಲಿ ಏನು ಶುರುವಾಯಿತು, ಇಲ್ಲಿಂದ ಏನು ಹೋಯಿತು ಎಂದು ಕನ್ನಡದಲ್ಲಿ ಬರೆದ ಒಂದು ಫಲಕ ಹಾಕಿಸಲಿ. ಜಿಲ್ಲಾಡಳಿತಕ್ಕೆ ಇದರ ಮನವಿ ಬರೆದಿಟ್ಟಿದ್ದೇನೆ, ನಿಮ್ಮ ಓದುಗರಲ್ಲಿ ಕೋಡಿಬಾಗ, ಸದಾಶಿವಗಡ, ಕಡವಾಡದವರು ಸಹಿ ಹಾಕಲು ಒಪ್ಪಿದರೆ ಮೆಣಸಿನ ಕೊಯ್ಲು ಮುಗಿದ ಕೂಡಲೇ ಕಾರವಾರಕ್ಕೆ ಇಳಿದು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕಿ, ಮೆಣಸಿನ ಬೆಳೆಗಾರ್ತಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ